ಸೋದರಮಾವನ ಮೂರು ಸ್ಟಾರ್

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಚಹಾದಂಗಡಿಯ ಮೇಲಿನ ಕೋಣೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಕುಳಿತು ಅದು ಹನ್ನೊಂದನೆಯ ವರ್ಷ. ಬಾಗಿಲಿಗೆ ‘ಎಸ್‌ಇಒ ಸಲಹೆಗಾರರು’ ಎಂಬ ಬೋರ್ಡು ಹಾಕಿಸಿದ್ದೆ. ಜನ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ನಿಮ್ಮ ಅಂಗಡಿ ಮೊದಲ ಸಾಲಿನಲ್ಲಿ ಕಾಣುವಂತೆ ಮಾಡುವ ವಿದ್ಯೆಗೆ ಎಸ್‌ಇಒ ಎನ್ನುತ್ತಾರೆ. ನಮ್ಮ ಊರಿನ ಅರ್ಧ ಜನ ಆ ಬೋರ್ಡು ಓದಿ, ನಾನು ಯಾರೋ ಸರ್ಕಾರಿ ಅಧಿಕಾರಿಣಿ ಎಂದುಕೊಂಡು ಪಿಂಚಣಿ ಅರ್ಜಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ಮಾನ್ವಿಯ ಮೌನೇಶ ಬಂದದ್ದು ದೀಪಾವಳಿಗೆ ಒಂದು ತಿಂಗಳಿರುವಾಗ. ಭತ್ತ ಕೊಯ್ಯುವ ಕಟಾವ್ ಮಷೀನುಗಳನ್ನು ರಿಪೇರಿ ಮಾಡುವ ಮನುಷ್ಯ. ಮೌನವಿದ್ದದ್ದು ಹೆಸರಿನಲ್ಲಷ್ಟೇ, ಬಾಯಲ್ಲಿ ಚೂರೂ ಇರಲಿಲ್ಲ.

“ಮೇಡಂ, ಮಷೀನ್ ಎಲ್ಲಾ ನನ್ನ ಶೆಡ್ ಮುಂದಿಂದನ ಹೊಕ್ಕಾವ್ರಿ. ಡ್ರೈವರ್ ಫೋನ್ ನೋಡಕೋತ ಮುಂದ ಹೊಕ್ಕಾನ. ಫೋನಿನ್ಯಾಗ ಮ್ಯಾಲೆ ತೋರಸೋ ಅಂಗಡಿಗೆ ದಿನಾ ಕೀಲಿ ಹಾಕಿರ್ತದ. ಆದ್ರೂ ಅಲ್ಲೇ ಹೋಗಿ ನಿಂದರ್ತಾರ. ನಾ ಇಲ್ಲಿ ನಟ್ಟು ಬಿಚ್ಚೋ ಪಾನಾ ಹಿಡಕೊಂಡು ನೋಡಕೋತ ಕುಂದರ್ತೀನಿ.”

ಅವನ ಸಂಕಟ ನಿಜವಾದದ್ದು. ಕಾಲುವೆ ನೀರಿನ ನಮ್ಮ ಗದ್ದೆಗಳಿಗೆ ಸುಗ್ಗಿಯಲ್ಲಿ ಹೊರ ರಾಜ್ಯದ ಮಷೀನುಗಳು ಸಾಲುಗಟ್ಟಿ ಬರುತ್ತವೆ. ಆ ಡ್ರೈವರುಗಳಿಗೆ ಇಲ್ಲಿ ಯಾರ ಪರಿಚಯವೂ ಇಲ್ಲ, ಫೋನು ತೋರಿಸಿದ ಕಡೆ ಹೋಗುತ್ತಾರೆ. ಸುಗ್ಗಿಯ ಇಪ್ಪತ್ತೈದು ದಿನದ ಕೆಲಸದಲ್ಲಿ ಅವನ ವರ್ಷ ನಡೆಯಬೇಕು. ಹಿಂದಿನ ಎರಡು ಸುಗ್ಗಿ ಖಾಲಿ ಹೋಗಿದ್ದವು. ಇದೂ ಹೋದರೆ ಅಪ್ಪ ಕಟ್ಟಿದ ಶೆಡ್ ಮುಚ್ಚಿ, ರೈಸ್‌ಮಿಲ್ಲಿಗೆ ವಾಚ್‌ಮನ್ ಆಗಿ ಹೋಗಲು ಮಾತಾಡಿಟ್ಟಿದ್ದ. ಅದನ್ನು ಹೇಳುವಾಗ ಮಾತ್ರ ಅವನ ದನಿ ಇಳಿಯಿತು.

ಯಾರೋ ಮಾಡಿಕೊಟ್ಟಿದ್ದ ಅವನ ವೆಬ್‌ಸೈಟ್ ತೆರೆದು ನೋಡಿದೆ. ತೆರೆಯುವಷ್ಟರಲ್ಲಿ ಕೆಳಗಿನಿಂದ ಚಹಾ ಬಂತು, ಕುಡಿದೂ ಆಯಿತು. ಕೊನೆಗೆ ಕಾಣಿಸಿಕೊಂಡದ್ದು ಪಕ್ಕಾ ಲಗ್ನಪತ್ರಿಕೆ. ಮೇಲೆ ಮನೆದೇವರು, ನಡುವೆ ಹಾರ ಹಾಕಿದ ತೀರಿಹೋದ ಅಪ್ಪನ ಫೋಟೊ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಹದಿನಾರು ಜನ ಬಂಧುಗಳ ಹೆಸರು. ಫೋನ್ ನಂಬರು ಒಂದು ಕಮಲದ ಹೂವಿನ ಚಿತ್ರದೊಳಗೆ ಕುಳಿತಿತ್ತು. ರಿಪೇರಿ ಎಂಬ ಪದ ಇಡೀ ಸೈಟಿನಲ್ಲಿ ಒಂದು ಕಡೆಯೂ ಇರಲಿಲ್ಲ.

ಸರ್ಚ್ ಇಂಜಿನ್ ಮುಖ್ಯವಾಗಿ ಅಕ್ಷರಗಳನ್ನು ಓದುತ್ತದೆ ಎಂದು ಅವನಿಗೆ ತಿಳಿಸಿ ಹೇಳಿದೆ. ಜನ ಹುಡುಕುವ ಮಾತು ನಮ್ಮ ಪುಟದಲ್ಲಿ, ಅದರಲ್ಲೂ ತಲೆಬರಹದಲ್ಲಿ ಇರಬೇಕು. ಪುಟ ಬೇಗ ತೆರೆಯಬೇಕು. ಮ್ಯಾಪಿನಲ್ಲಿ ಅಂಗಡಿಯ ಜಾಗ, ಸಮಯ, ನಂಬರು ಸರಿಯಾಗಿರಬೇಕು. ಹುಡುಕುವವನಿಗೆ ಅಂಗಡಿ ಎಷ್ಟು ಹತ್ತಿರ, ಬಂದುಹೋದವರು ಏನು ಬರೆದಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೌನೇಶ ಎಲ್ಲದಕ್ಕೂ ತಲೆಯಾಡಿಸಿದ. ಅಪ್ಪನ ಫೋಟೊ ಹಿಂದಿನ ಪುಟಕ್ಕೆ ಸರಿಸೋಣ ಎಂದಾಗ ಕುರ್ಚಿಯಿಂದ ಎದ್ದೇ ನಿಂತ.

“ನಮ್ಮಪ್ಪನ್ನ ಹಿಂದಿನ ಪುಟಕ್ಕ ಹಾಕಿದ್ರ ನಮ್ಮವ್ವ ನನ್ನ ಮನಿಯೊಳಗ ಬಿಡ್ತಾಳೇನ್ರಿ?”

ಆ ಜಗಳವನ್ನು ಬಗೆಹರಿಸಿದ್ದು ಅವನ ತಾಯಿ ಈರಮ್ಮನೇ. ಟ್ರಂಕಿನ ತಳದಿಂದ ಬೇರೆ ಫೋಟೊ ತೆಗೆದು ಕಳಿಸಿದರು. ಬಿಚ್ಚಿಹಾಕಿದ ಇಂಜಿನ್ ಮುಂದೆ, ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಪಾನಾ ಹಿಡಿದು ನಗುತ್ತಿದ್ದ ಗಂಡ. ಅದನ್ನು ನೋಡಿ ನನಗೆ ನಿಜವಾಗಿಯೂ ಖುಷಿಯಾಯಿತು. ಅದನ್ನೇ ಮುಖಪುಟಕ್ಕೆ ಹಾಕಿ, ‘ಮಾನ್ವಿಯಲ್ಲಿ ಭತ್ತ ಕಟಾವ್ ಮಷೀನ್ ರಿಪೇರಿ’ ಎಂದು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆದೆ. ಮೂರು ವಾರದಲ್ಲಿ ಸೈಟು ನಿಧಾನವಾಗಿ ಮೇಲೇರತೊಡಗಿತು.

ಆಮೇಲೆ ಎಡವಿದವಳು ನಾನು. ಫೋನಿನಲ್ಲಿ ಅವಸರದಿಂದ, “ರಿವ್ಯೂ ಕಡಿಮಿ ಅದಾವ ಮೌನೇಶಪ್ಪ, ಜನರ ಕಡಿಂದ ಬರಸು” ಎಂದುಬಿಟ್ಟೆ. ಗಿರಾಕಿಗಳಿಂದ ಎಂದು ಹೇಳಲಿಲ್ಲ.

ಅದೇ ಭಾನುವಾರ ದೇವದುರ್ಗದ ಮನೆದೇವರ ಗುಡಿಯಲ್ಲಿ ಅವನ ಮಗನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯ. ಇಂಥ ಕಾರ್ಯಗಳಿಗೆ ಬಂಧುಗಳು ಆಹೇರಿ ಎಂದು ಉಡುಗೊರೆ ತರುತ್ತಾರೆ. ಯಾರು ಏನು ತಂದರೆಂದು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ಪದ್ಧತಿ. ಮೌನೇಶ ಎಲ್ಲರಿಗೂ ಮೊದಲೇ ಹೇಳಿಬಿಟ್ಟಿದ್ದ: ಈ ಸಲ ಪಾತ್ರೆ ಬೇಡ, ಬಟ್ಟೆ ಬೇಡ, ಫೋನಿನಲ್ಲಿ ನನ್ನ ಅಂಗಡಿಗೆ ಐದು ಸ್ಟಾರ್ ಒತ್ತಿದರೆ ಸಾಕು. ಹಾಗಾಗಿ ಆ ಮಧ್ಯಾಹ್ನ ಗುಡಿಯ ಮೈಕು, “ದೊಡ್ಡವ್ವ ಅವರಿಂದ ಕೂಸಿಗೆ ಐದು ಸ್ಟಾರ್! ಬೀಗರ ಮನಿಯವರಿಂದ ಐದೈದು ಹತ್ತು ಸ್ಟಾರ್!” ಎಂದು ಕೂಗಿತು. ಫೋನ್ ಇಲ್ಲದವರು ಪಕ್ಕದವರ ಫೋನಿನಿಂದ ಕೊಟ್ಟರು.

ಒಂದೇ ಅಂಗಳದಿಂದ, ಒಂದೇ ಮಧ್ಯಾಹ್ನ, ನಲವತ್ತೊಂದು ರಿವ್ಯೂ. ಸೋಮವಾರ ಬೆಳಿಗ್ಗೆ ಓದುತ್ತಾ ಹೋದೆ. ‘ಹುಗ್ಗಿ ಭಾಳ ಚಲೋ ಆಗಿತ್ತು.’ ‘ಮೌನೇಶನ್ನ ಸಣ್ಣಾಂವ ಇದ್ದಾಗಿಂದ ಬಲ್ಲೆ.’ ‘ಕೂಸಿಗೆ ದೇವರು ಆಯುಷ್ಯ ಕೊಡಲಿ.’ ಕೂದಲು ತೆಗೆದವರ ಕೈಚಳಕವನ್ನು ಇಬ್ಬರು ಹೊಗಳಿದ್ದರು. ನಗುತ್ತಾ ಓದುತ್ತಿದ್ದವಳಿಗೆ ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಅಂಗಡಿಯೇ ಮ್ಯಾಪಿನಿಂದ ಮಾಯವಾಗಿತ್ತು. ಸುಳ್ಳು ರಿವ್ಯೂಗಳ ಅನುಮಾನ ಬಂದರೆ ಸರ್ಚ್ ಕಂಪನಿ ಹೀಗೆ ತಡೆಹಿಡಿಯುವುದುಂಟು. ಸುಗ್ಗಿಗೆ ಇನ್ನು ಒಂಬತ್ತೇ ದಿನ. ಮಾನ್ವಿ ಪಕ್ಕದ ಕುರ್ಡಿಯ ಕಡೆ ಆಗಲೇ ಮಷೀನುಗಳು ಬಂದು ಇಳಿದಿದ್ದವು.

ಅಂಗಡಿಯನ್ನು ಮತ್ತೆ ತೋರಿಸಿ ಎಂದು ಕಂಪನಿಗೆ ಮೇಲ್ಮನವಿ ಹಾಕಲು ಅಂಗಡಿಯ ಬೋರ್ಡು ಕಾಣುವ ವಿಡಿಯೊ ಬೇಕಿತ್ತು. ಮೊದಲ ಸಲ ಮಾನ್ವಿಗೆ ಬಸ್ಸು ಹತ್ತಿ ಶೆಡ್ ನೋಡಲು ಹೋದೆ. ಬೋರ್ಡೇ ಇರಲಿಲ್ಲ.

“ಬೋರ್ಡ್ ಯಾಕ್ರಿ ಮೇಡಂ? ಬೇವಿನ ಗಿಡದ ಶೆಡ್ ಅಂದ್ರ ಸಣ್ಣ ಕೂಸಿಗೂ ಗೊತ್ತದ.”

“ಆಂಧ್ರದ ಡ್ರೈವರಿಗೆ ಗೊತ್ತದೇನು?”

ಮೌನೇಶ ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಆದರೆ ಅವನನ್ನು ಬಯ್ಯುವ ಮುಖ ನನಗೂ ಇರಲಿಲ್ಲ. ಅಂಗಡಿಯನ್ನು ಕಣ್ಣಾರೆ ನೋಡದೆ ಒಂದು ತಿಂಗಳು ಅದರ ಸೈಟು ತಿದ್ದಿದ ಮಹಾ ಸಲಹೆಗಾರ್ತಿ ನಾನು! ಬೋರ್ಡು ಬರೆಸಿ ವಿಡಿಯೊ ತೆಗೆಯಲು ನಿಂತರೆ ನೆರೆಹೊರೆಯವರು ಬಂದು ಮದುವೆ ಫೋಟೊಗೆ ನಿಂತಂತೆ ಸಾಲಾಗಿ ನಿಂತರು. ಇಳಕಲ್ ಸೀರೆ ಉಟ್ಟ ಈರಮ್ಮ ನಡುವೆ. ಐದನೆಯ ಸಲಕ್ಕೆ ಬರೀ ಶೆಡ್ ಸಿಕ್ಕಿತು.

ಇದೆಲ್ಲ ಸುಲಭದ್ದು. ಜವಳದ ರಿವ್ಯೂಗಳನ್ನು ತೆಗೆಸುವುದು ಕಷ್ಟದ್ದು. ಹೇಳಿದ ತಕ್ಷಣ ಮೌನೇಶ ತಲೆ ಮೇಲೆ ಕೈಹೊತ್ತು ಕುಳಿತ.

“ಕೊಟ್ಟ ಆಹೇರಿ ವಾಪಸ್ ಒಯ್ರಿ ಅಂತ ಯಾವ ಬಾಯಿಲೆ ಹೇಳ್ಲಿರಿ? ಬಳಗ ಕಡಕೊಂಡು ಹೋಗ್ತದ. ಅವರಿಗೆ ನಾನೂ ತಿರುಗಿ ಕೊಡಾಕತ್ತೀನಿ. ನಿನ್ನಿ ದೊಡ್ಡವ್ವನ ಎಮ್ಮಿಗೆ ಐದು ಸ್ಟಾರ್ ಹಾಕೀನಿ.”

ಈರಮ್ಮ ಅವನ ಕೈಯಿಂದ ಫೋನು ಕಿತ್ತುಕೊಂಡರು. ದೇವದುರ್ಗದ ಬಳಗದ ಒಂದೊಂದೇ ಮನೆಗೆ ಫೋನ್ ಹಚ್ಚಿ ಒಂದೇ ಮಾತು ಹೇಳಿದರು: “ನಿಮ್ಮ ಸ್ಟಾರ್‌ನಿಂದ ನನ್ನ ಗಂಡನ ಶೆಡ್ ಮುಚ್ಚಾಕತ್ತದ. ತಗೀರಿ. ತಗದ್ರ ಅದ ದೊಡ್ಡ ಆಹೇರಿ ಅಂತ ತಿಳಕೋತೀನಿ.” ಯಾರೂ ಮುನಿಸಿಕೊಳ್ಳಲಿಲ್ಲ. ಸಂಜೆಗೆ ನಲವತ್ತು ರಿವ್ಯೂ ಹೋದವು.

ಉಳಿದದ್ದು ಒಂದು, ಈರಮ್ಮನ ತಮ್ಮ ಯಂಕಪ್ಪನದು. ಐದು ಕೊಡದ ಒಬ್ಬನೇ ಮನುಷ್ಯ. ಅವನು ಬರೆದದ್ದು: ‘ಕಾಳು ಬಿಡಿಸುವ ನನ್ನ ರಾಶಿ ಮಷೀನಿನ ಬೇರಿಂಗ್ ಹೋಗಿತ್ತು. ಮಧ್ಯಾಹ್ನದ ಒಳಗೆ ಕೊಡುತ್ತೇನೆ ಎಂದ, ಕೊಟ್ಟ. ಆಮೇಲೆ ತೊಂದರೆ ಇಲ್ಲ. ಮಾತು ಬಹಳ. ಜವಳದ ಊಟಕ್ಕೆ ಕರೆದು ಎರಡನೇ ಹೋಳಿಗೆ ಬೇಕೇ ಎಂದು ಕೇಳಲಿಲ್ಲ. ಮೂರು ಸ್ಟಾರ್.’

“ಮಾವಾ, ತಗೀ” ಎಂದು ಮೌನೇಶ ಗೋಗರೆದ. “ಖರೇ ಬರದೀನಿ, ಯಾಕ ತಗೀಲಿ?” ಎಂದು ಯಂಕಪ್ಪ ಫೋನಿಟ್ಟ. ನಾನು ಯೋಚಿಸಿ ನೋಡಿದೆ. ಕೆಲಸ ಮಾಡಿಸಿಕೊಂಡು ಬರೆದವನು ಇವನೊಬ್ಬನೇ. ಇರಲಿ ಬಿಡು ಎಂದೆ.

ಸುಗ್ಗಿ ಶುರುವಾಗಲು ಎರಡು ದಿನವಿರುವಾಗ ಅಂಗಡಿ ಮ್ಯಾಪಿಗೆ ಮರಳಿತು. ಸುಗ್ಗಿಯ ಮೊದಲ ಎರಡು ದಿನ ಯಾರೂ ಬರಲಿಲ್ಲ. ಮೌನೇಶ ಗಂಟೆಗೊಮ್ಮೆ ಫೋನ್ ಮಾಡಿ ನನ್ನ ಜೀವ ತಿಂದ. ಮೂರನೆಯ ದಿನ ನಡುಮಧ್ಯಾಹ್ನ ಮತ್ತೆ ಮಾಡಿದ. ಬಯ್ಯಲು ಬಾಯಿ ತೆರೆಯುವಷ್ಟರಲ್ಲೇ ಅವನು ಸುದ್ದಿ ಹೇಳತೊಡಗಿದ.

ಕವಿತಾಳದ ಹತ್ತಿರದ ಗದ್ದೆಯಲ್ಲಿ ಬೆಲ್ಟ್ ಹರಿದು ನಿಂತ ಮಷೀನಿನ ತೆಲುಗು ಡ್ರೈವರ್ ಒಬ್ಬ ಕರೆ ಮಾಡಿದ್ದನಂತೆ. ಅವನ ಫೋನು ಯಂಕಪ್ಪನ ರಿವ್ಯೂವನ್ನು ತೆಲುಗು ಮಾಡಿ ತೋರಿಸಿತ್ತು. ಮೊದಲ ಮಾತೇ, “ಎರಡನೇ ಹೋಳಿಗೆ ಕೇಳದೇ ಇರೋರು ನೀವೇನಾ ಅಂಡಿ?” ನಾನೇ ಎಂದು ಇವನು ಒಪ್ಪಿಕೊಂಡ ಮೇಲೆ ಡ್ರೈವರ್ ಹೇಳಿದನಂತೆ: “ಇಷ್ಟು ಬಯ್ದೋರೂ ಕೆಲಸ ಟೈಮಿಗೆ ಕೊಟ್ಟ ಅಂತ ಬರೆದಾರೆ. ಅದಕ್ಕೇ ನಂಬಿದೆ. ಬೇಗ ಬನ್ನಿ.”

ಆ ಮಷೀನು ಅದೇ ದಿನ ಮತ್ತೆ ಗದ್ದೆಗಿಳಿಯಿತು. ಆ ಡ್ರೈವರ್ ತನ್ನ ಜೊತೆಯವರಿಗೆ ಹೇಳಿದ, ಅವರು ಬಂದರು, ಕೆಲಸ ಆದ ಮೇಲೆ ತಮಗೆ ತಿಳಿದಂತೆ ಬರೆದರು. ಸುಗ್ಗಿ ಮುಗಿಯುವ ಹೊತ್ತಿಗೆ ಹತ್ತೊಂಬತ್ತು ಹೊಸ ರಿವ್ಯೂ ಇದ್ದವು. ಹನ್ನೊಂದರಲ್ಲಿ ‘ಮಾತು ಜಾಸ್ತಿ’ ಎಂದಿತ್ತು. ಫೋನಿನಲ್ಲಿ ಕೀಲಿ ಹಾಕಿದ ಅಂಗಡಿ ಕೆಳಗಿಳಿಯಿತು, ಅಪ್ಪ ಕಟ್ಟಿದ ಶೆಡ್ ಮೊದಲ ಸಾಲಿಗೆ ಬಂತು. ವಾಚ್‌ಮನ್ ಕೆಲಸಕ್ಕೆ ರೈಸ್‌ಮಿಲ್ಲಿನವರು ಬೇರೆಯವರನ್ನು ನೋಡಿಕೊಂಡರು.

ಅಂದಿನಿಂದ ನಾನು ಯಾವ ಗಿರಾಕಿಯ ಸೈಟನ್ನೂ ಅಂಗಡಿಗೆ ಹೋಗಿ ನೋಡದೆ ಮುಟ್ಟಿಲ್ಲ. ನಮ್ಮವರು ನಮ್ಮನ್ನು ಎಷ್ಟು ಪ್ರೀತಿಸುತ್ತಾರೆ ಎಂಬುದು ಹುಡುಕುವವನಿಗೆ ಬೇಡ, ನಮ್ಮ ಕೆಲಸ ಹೇಗೆ ಎಂಬುದಷ್ಟೇ ಬೇಕು. ನನ್ನ ಕಸುಬಿನ ಈ ಪಾಠವನ್ನು ನನಗೆ ಕಲಿಸಿದವನು ಯಂಕಪ್ಪ.

ಸುಗ್ಗಿಯ ನಂತರ ಈರಮ್ಮ ತಮ್ಮನನ್ನು ಊಟಕ್ಕೆ ಕರೆದು ಎದುರು ಕುಳಿತು ಐದು ಹೋಳಿಗೆ ಬಡಿಸಿದರು. ಅವನು ಕೈತೊಳೆದು ಬಂದು, ಕನ್ನಡಕ ಹಾಕಿಕೊಂಡು ತನ್ನ ರಿವ್ಯೂ ತಿದ್ದಿದ: ‘ಹೋಳಿಗೆ ಈಗ ಕೇಳಿದರು. ಮಾತು ಹಾಗೇ ಇದೆ. ಮೂರು ಸ್ಟಾರ್.’

ನಾಲ್ಕು ಮಾಡಿಸಬೇಕೇನು ಎಂದು ನಾನು ತಮಾಷೆಗೆ ಕೇಳಿದರೆ ಮೌನೇಶ ಗಾಬರಿಯಾದ. “ಬ್ಯಾಡ್ರಿ ಮೇಡಂ, ಕೈ ಮುಗೀತೀನಿ. ಅದನ್ನ ಯಾರೂ ಮುಟ್ಟಬ್ಯಾಡ್ರಿ. ನನ್ನ ಅಂಗಡಿ ನಿಂತಿರೋದ ಅದರ ಮ್ಯಾಲ.”