ಕುಂಬಾರ ಹುಳದ ಗೂಡು ಒಡೆದದ್ದು

ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವನೆಂದು ವೇಣೂರಿನ ಆಸುಪಾಸಿನಲ್ಲಿ ಕೆಲವರು ನನ್ನನ್ನು ಗೌರವದಿಂದ ನೋಡುತ್ತಿದ್ದ ಕಾಲವೊಂದಿತ್ತು. ಹಸು ಮೇವು ಬಿಟ್ಟರೆ ಮಾತ್ರ ನನ್ನನ್ನು ದಾಟಿ ಬೇರೆಯವರಲ್ಲಿಗೆ ಹೋಗುತ್ತಿದ್ದರು. ಆ ಪದವಿಯನ್ನು ನಾನು ಮನೆಯೊಳಗೆ ಬಳಸಿದ್ದು ಒಂದೇ ವರ್ಷ. 

ಐವತ್ತರ ದಶಕದ ಕೊನೆ. ನಮ್ಮ ಮನೆಯಲ್ಲೇ ಇದ್ದ ಅಕ್ಕನ ಮಗಳು ಸರಸಳಿಗೆ ಹತ್ತು ವರ್ಷ. ವಿಷಮಶೀತ ಜ್ವರದಿಂದ ಆಗಷ್ಟೇ ಎದ್ದಿದ್ದಳು. ಮೂರು ಮೈಲಿ ನಡೆದು ಶಾಲೆಗೆ ಹೋಗುವುದು ಒಂದು ವರ್ಷ ಬೇಡ ಎಂದು ಮೂಡುಬಿದಿರೆಯ ಡಾಕ್ಟರು ಹೇಳಿದ್ದರು. ಕೆಲಸ ಹುಡುಕುತ್ತಿದ್ದೇನೆ ಎಂದು ಹೇಳಿಕೊಂಡು ಮನೆಯಲ್ಲಿದ್ದ ನಾನು ಅವಳ ಮೇಷ್ಟ್ರಾದೆ. ವಿಜ್ಞಾನಕ್ಕೆ ಪುಸ್ತಕ ಬೇಡ, ಮನೆಯ ಹುಳುಗಳೇ ಸಾಕು ಎಂದು ಘೋಷಿಸಿದೆ. ಇರುವೆ ಮುಗಿಯಿತು, ಗೆದ್ದಲು ಮುಗಿಯಿತು, ಅಮ್ಮನ ಗೊಣಗಾಟದ ನಡುವೆ ಅಕ್ಕಿಯ ಹುಳವೂ ಮುಗಿಯಿತು. ಉಳಿದದ್ದು ಒಳಕೋಣೆಯ ಬಾಗಿಲಿನ ದಾರಂದದ ಮೇಲೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ದಾರಂದದ ಮೇಲಲ್ಲ, ಗಡಿಯಾರದ ಪಕ್ಕದಲ್ಲಿತ್ತು ಎನ್ನುತ್ತಾಳೆ ಅಕ್ಕ. ಅವಳದೇ ಸರಿ ಇರಬಹುದು.

ಈ ಹುಳ ಸೂಜಿಯಷ್ಟು ಸಪೂರ ಸೊಂಟದ ಒಂದು ಕಣಜ. ಅದರ ಬಗ್ಗೆ ನಮ್ಮ ಹಿರಿಯರದೊಂದು ನ್ಯಾಯವೇ ಇದೆ: ಕಣಜ ಹಸಿರು ಹುಳವನ್ನು ಹಿಡಿದು ಗೂಡಿನೊಳಗಿಟ್ಟು ಕುಟುಕುತ್ತದಂತೆ, ಹುಳ ಹಗಲಿರುಳು ಕಣಜವನ್ನೇ ಧ್ಯಾನಿಸಿ ಕೊನೆಗೆ ತಾನೇ ಕಣಜವಾಗುತ್ತದಂತೆ. ಜೀವ ದೇವರಾಗುವುದಕ್ಕೆ ವೇದಾಂತಿಗಳು ಕೊಡುವ ಉದಾಹರಣೆ ಇದು. ಸರಸಳಿಗೆ ಇದನ್ನು ಅಜ್ಜಿ ಹೇಳಿದ್ದರು. ಆ ಸುಳ್ಳನ್ನು ಬಯಲು ಮಾಡುವ ಹುಮ್ಮಸ್ಸಿನಲ್ಲಿ ನಾನು ಚೂರಿಯಿಂದ ಗೂಡನ್ನು ಕಿತ್ತು, ಬಾಳೆಲೆಯ ಮೇಲಿಟ್ಟು ಒಡೆದೆ.

ಒಳಗೆ ಏಳೆಂಟು ಹಸಿರು ಹುಳಗಳು ಒತ್ತಾಗಿ ಬಿದ್ದಿದ್ದವು. ಅವುಗಳ ನಡುವೆ ಕಣಜದ ಮರಿ ಬಿಳಿಯಾಗಿ ಬಾಗಿಕೊಂಡು ಒಂದನ್ನು ತಿನ್ನುತ್ತಿತ್ತು. ಪೊರಕೆಯ ಹಿಡಿಕಡ್ಡಿಯಿಂದ ಮುಟ್ಟಿದಾಗ ತಿನ್ನಿಸಿಕೊಳ್ಳುತ್ತಿದ್ದ ಹುಳ ಮೆಲ್ಲನೆ ಅಲುಗಿತು.

"ಮಾವ, ಇವು ಸತ್ತಿಲ್ಲವಾ?" ಎಂದಳು ಸರಸ.

ಸತ್ತರೆ ಕೊಳೆಯುತ್ತವೆ, ಅದಕ್ಕಾಗಿ ಕಣಜ ಕುಟುಕಿ ಮರಗಟ್ಟಿಸಿ ಇಡುತ್ತದೆ ಎಂದು ವಿವರಿಸಿದೆ.

"ಹಾಗಾದರೆ ತಿನ್ನುವುದು ಅವಕ್ಕೆ ಗೊತ್ತಾಗುತ್ತದಾ?"

ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಅಕ್ಕ ಕಷಾಯದ ಲೋಟ ಹಿಡಿದು ಬಂದಳು. ಬಾಳೆಲೆ ನೋಡಿದಳು, ಗೋಡೆ ನೋಡಿದಳು, ಲೋಟವನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು.  ಹಿಂದಿನಿಂದ ಅಮ್ಮ ಬಂದರು.

"ಬಸುರಿ ಇರುವ ಮನೆಯಲ್ಲಿ ಕುಂಬಾರ ಹುಳದ ಗೂಡು ಒಡೆಯಲಿಕ್ಕೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಮಾರಾಯ?"

ಅಮ್ಮ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಪೆಟ್ಟು ಸ್ವಲ್ಪ ಕಡಿಮೆಯಾಗಿದೆ. ಅಕ್ಕ ಬಸುರಿ ಎಂಬುದೇ ನನಗೆ ಗೊತ್ತಿರಲಿಲ್ಲ. ಸರಸಳ ನಂತರ ಎರಡು ಸಲ ಗರ್ಭ ನಿಂತಿರಲಿಲ್ಲ, ಹಾಗಾಗಿ ಈ ಸಲ ಬಾಯಿಬಿಟ್ಟು ಹೇಳುವುದೇ ಬೇಡ ಎಂದುಕೊಂಡಿದ್ದರಂತೆ. ಆ ಹುಳ ಮನೆಯೊಳಗೆ ಗೂಡು ಕಟ್ಟಿದರೆ ಮಗು ಬರುತ್ತದೆ, ಅದನ್ನು ಮುಟ್ಟಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಸುದ್ದಿಯನ್ನು ಗೋಡೆಯೇ ಹೇಳಿತ್ತು. ಓದಲು ಬಾರದವನು ಪದವೀಧರನೊಬ್ಬನೇ.

ನನ್ನ ಗಾಬರಿ ಇಳಿಯುವ ಮೊದಲೇ ಸರಸ ಪಿಸುಗುಟ್ಟಿದಳು: "ನನಗೆ ಗೊತ್ತಿತ್ತು ಮಾವ. ನೀವು ಮೇಷ್ಟ್ರಲ್ಲವಾ, ನಿಮಗೂ ಗೊತ್ತುಂಟು ಅಂತ ಸುಮ್ಮನಾದೆ."

ಆ ದಿನದ ದಿನಚರಿಯನ್ನು ಈಚೆಗೆ ತೆಗೆದು ನೋಡಿದೆ. ಹುಳಗಳ ಸಂಖ್ಯೆ, ಬಣ್ಣ, ಗೂಡಿನ ಸುತ್ತಳತೆ ಎಲ್ಲ ಇದೆ. ಅಕ್ಕನ ಬಗ್ಗೆ ಒಂದಕ್ಷರವಿಲ್ಲ. ನಾನು ಎಂಥ ಮನುಷ್ಯನಾಗಿದ್ದೆ? ಅಥವಾ ಬರೆಯಲಾಗದಷ್ಟು ಹೆದರಿದ್ದೆನೋ? ಎರಡನೆಯದೇ ನಿಜವೆಂದು ನಂಬಲು ಇಷ್ಟಪಡುತ್ತೇನೆ, ಆದ್ದರಿಂದಲೇ ಅದರ ಮೇಲೆ ಅನುಮಾನ.

ಮುಂದಿನ ಐದು ತಿಂಗಳು ಹೇಗೆ ಕಳೆದೆನೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಹುಳ ಮತ್ತೆ ಬರಲಿ ಎಂದು ತೆಂಗಿನ ಗೆರಟೆಯಲ್ಲಿ ಒದ್ದೆ ಮಣ್ಣು ಕಲಸಿ ಕಿಟಕಿಯಲ್ಲಿಟ್ಟೆ. ಬೆಳಗೆದ್ದು ಗೋಡೆಗಳನ್ನು ಸುತ್ತು ಹಾಕುತ್ತಿದ್ದೆ. ಅಕ್ಕ ಕೆಮ್ಮಿದರೆ ನನಗೆ ಬೆವರು. ಅಮ್ಮ ನನ್ನ ಜೊತೆ ಲೆಕ್ಕಕ್ಕಷ್ಟೇ ಮಾತಾಡುತ್ತಿದ್ದರು. ಒಂದು ದಿನ ಗೆರಟೆಗೆ ನೀರು ಹನಿಸುತ್ತಿದ್ದಾಗ ಅಕ್ಕನ ಕೈಗೆ ಸಿಕ್ಕಿಬಿದ್ದೆ.

"ಗೂಡು ಸುಳ್ಳಾದರೆ ಒಡೆದದ್ದರಿಂದ ಏನೂ ಆಗುವುದಿಲ್ಲ. ನಿಜವಾದರೆ ಈ ಮಣ್ಣಿನಿಂದ ಸರಿ ಹೋಗುವುದಿಲ್ಲ," ಎಂದಳು. "ಅಷ್ಟು ಓದಿದ್ದೀ, ಒಂದು ಕಡೆ ನಿಲ್ಲು ತಮ್ಮ."

ನಿಲ್ಲಲಿಕ್ಕಾಗಲಿಲ್ಲ. ಮಗು ಹುಟ್ಟಿದ ದಿನ ಜಗಲಿಯಲ್ಲಿ ಕೂಡ ನಿಲ್ಲಲಾಗದೆ ಗದ್ದೆಯ ಬದುವಿಗೆ ಹೋಗಿ ಕುಳಿತಿದ್ದೆ. ಹೆಣ್ಣುಮಗು, ತಾಯಿಯೂ ಕ್ಷೇಮ ಎಂದು ಅಮ್ಮ ಅಂಗಳದಿಂದ ಕೂಗಿದರು. ನನ್ನೊಂದಿಗೆ ಅಷ್ಟುದ್ದ ಮಾತಾಡಿದ್ದು ಆ ಐದು ತಿಂಗಳಲ್ಲಿ ಅದೇ ಮೊದಲು.

ನಂಬಿಕೆ ಸುಳ್ಳೆಂದು ಈಗ ಸಾಬೀತಾಯಿತು ಎಂದು ನಾನು ಹೇಳಬಹುದಿತ್ತು.  ಪಾಠ ಮತ್ತೆ ಶುರುವಾದಾಗ ಸರಸ ಆ ಪ್ರಯೋಗಕ್ಕೆ ತಾನೇ ತೀರ್ಮಾನ ಬರೆದು ತಂದಳು: "ಗೂಡು ಒಡೆದರೂ ತಂಗಿ ಹುಟ್ಟಿದಳು. ಆದರೂ ಇನ್ನೊಮ್ಮೆ ಒಡೆದು ನೋಡುವುದು ಬೇಡ."

ವಿಜ್ಞಾನದ ದೃಷ್ಟಿಯಿಂದ ಎರಡನೆಯ ವಾಕ್ಯ ತಪ್ಪು. ನಾನು ಬಹಳ ಹೊತ್ತು ಯೋಚಿಸಿ, ಎರಡಕ್ಕೂ ಸೇರಿಸಿ ಪೂರ್ಣ ಅಂಕ ಕೊಟ್ಟೆ.