ಬಣ್ಣ ಹಚ್ಚಿದ ಜೋಳ

ಹತ್ತನೆಯ ತರಗತಿ ಪಾಸಾದ ಮೇಲೆ ನಾನು ಎಲ್ಲಿಗೆ ಸೇರಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಒಂದು ವಾರ ನಡೆಯಿತು. ನಾರಾಯಣಖೇಡದ ಜೂನಿಯರ್ ಕಾಲೇಜು ಹತ್ತಿರವಿತ್ತು. ಜಹೀರಾಬಾದಿನಲ್ಲಿ ಸಸಿ ಬೆಳೆಸುವ ತರಬೇತಿ ಇದೆಯೆಂದು ಮಾವ ಹೇಳಿದ. ನಾನು ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಕೃಷಿ ಡಿಪ್ಲೊಮಾಕ್ಕೆ ಸೀಟು ಪಡೆದೆ. ಕಾಲೇಜು ದೂರದ ಜಿಲ್ಲೆಯಲ್ಲಿತ್ತು. ಅದು ಮುಗಿದರೆ ಬಿಎಸ್ಸಿಗೆ ಹೋಗಬಹುದೆಂಬ ಆಸೆ ನನಗಿತ್ತು.

ಹಾಸ್ಟೆಲ್ಲಿನ ಹುಡುಗಿಯರು ನನ್ನ ತೆಲುಗು ಕೇಳಿ ನಗುತ್ತಿದ್ದರು. ಗಡಿಯ ಊರಿನಲ್ಲಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡಿ ಬೆಳೆದವಳ ಬಾಯಲ್ಲಿ ಮೂರೂ ಬೆರೆತು ಬರುತ್ತಿದ್ದವು. ಒಂದು ವರ್ಷ ಹಟ ಹಿಡಿದು ಮಾತು ತಿದ್ದಿಕೊಂಡೆ. ಕೊನೆಗೆ ನಾನು ಕನ್ನಡದವಳೆಂದು ಯಾರಿಗೂ ಗೊತ್ತಾಗದಂತಾಯಿತು. ಅಮ್ಮನ ಫೋನು ಬಂದರೆ ತಾರಸಿಗೆ ಹೋಗಿ ಮಾತಾಡುತ್ತಿದ್ದೆ.

ಎರಡನೆಯ ವರ್ಷ ಹಳ್ಳಿಯ ತರಬೇತಿಗೆ ನಮ್ಮನ್ನು ಸಿರ್ಗಾಪುರದ ಕಡೆಯ ಒಂದು ಊರಿಗೆ ಕಳಿಸಿದರು. ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲಸ ಕಲಿಯಲು ಒಂದೊಂದು ರೈತರ ಮನೆ, ರಾತ್ರಿ ತಂಗಲು ಊರ ಶಾಲೆ. ನನ್ನ ಪಾಲಿಗೆ ಬಂದ ಮನೆಯಲ್ಲಿ ಗಂಡ, ಹೆಂಡತಿ, ಎಂಟನೆಯ ತರಗತಿಯ ಮಗಳು ಮತ್ತು ಗಂಡನ ತಾಯಿ ಇದ್ದರು. ಅವರೂ ಮನೆಯಲ್ಲಿ ಕನ್ನಡ ಆಡುವವರೇ. ಮುದುಕಿಗಂತೂ ತೆಲುಗು ಸರಿಯಾಗಿ ಬರುತ್ತಿರಲಿಲ್ಲ. ನಾನು ಅವರ ಜೊತೆಗೂ ತೆಲುಗಿನಲ್ಲೇ ಮಾತಾಡಿದೆ.

ಹಿಂಗಾರಿ ಜೋಳದ ಬೀಜೋಪಚಾರ ಮಾಡಿ ತೋರಿಸುವ ದಿನ ನಮ್ಮ ಮೇಷ್ಟ್ರು ಅಂಕದ ಹಾಳೆ ಹಿಡಿದು ಬಂದು ಕೂತರು. ನಾನು ಕೈಗವಸು ಹಾಕಿಕೊಂಡು ಬುಟ್ಟಿಯಲ್ಲಿ ಬಿಳಿಜೋಳ ಸುರುವಿ, ಅಂಟು ಚಿಮುಕಿಸಿ, ಎಳೆ ಪೈರಿನ ಸುಳಿ ಕೊರೆಯುವ ಸುಳಿನೊಣಕ್ಕೆ ಹಾಕುವ ಔಷಧಿಯ ಪುಡಿ ಕಲಸಿದೆ. ಜೋಳ ಕೆಂಪಗಾಯಿತು. ಇದು ವಿಷ, ತಿನ್ನಬಾರದು, ಉಳಿದದ್ದನ್ನು ಹೂತುಬಿಡಬೇಕು ಎಂದು ಪುಸ್ತಕದ ತೆಲುಗಿನಲ್ಲಿ ಹೇಳಿದೆ. ಗಂಡ ತಲೆಯಾಡಿಸಿ ಬಿತ್ತುವ ಕೂರಿಗೆ ಕಟ್ಟಲು ಹೊರಗೆ ಹೋದ.

ಕಟ್ಟೆಯ ಮೇಲೆ ಕೂತಿದ್ದ ಮುದುಕಿ ನನ್ನನ್ನು ಕೇಳಿದಳು: "ಜ್ವಾಳಕ್ಕ ಕುಂಕುಮ ಹಚ್ಚೀರೇನವ್ವಾ?"

ನನಗೆ ಅರ್ಥವಾಯಿತು. ಆದರೆ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಅರ್ಥವಾಗದವಳ ಹಾಗೆ ಮುಗುಳ್ನಕ್ಕೆ. ಆಕೆಯೂ ನಕ್ಕಳು. ನನಗೆ ಪೂರ್ತಿ ಅಂಕ ಬಂತು.

ಬಿತ್ತಿ ಉಳಿದ ಎರಡು ಸೇರಿನಷ್ಟು ಬೀಜವನ್ನು ಅವರು ಹೂಳಲಿಲ್ಲ. ಮೊಳಕೆ ಬಾರದ ಕಡೆ ಮತ್ತೆ ಊರೋಣವೆಂದು ಗಂಡ ಅದನ್ನು ಚೀಲದಲ್ಲಿ ಕಟ್ಟಿ ದನದ ಕೊಟ್ಟಿಗೆಯಲ್ಲಿ ತೂಗುಹಾಕಿದ. ಕೆಲವು ದಿನ ಕಳೆದ ಮೇಲೆ ಮುದುಕಿಯ ಕಣ್ಣಿಗೆ ಅದು ಬಿತ್ತು. ಒಳ್ಳೆಯ ಜೋಳ ಹಾಳಾಗುತ್ತದೆಂದು ಬಣ್ಣ ಹೋಗುವವರೆಗೆ ತೊಳೆದು, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ನುಚ್ಚು ಮಾಡಿಕೊಂಡಳು. ಮಗ ಸೊಸೆ ಹೊಲದಲ್ಲಿದ್ದರು, ಮೊಮ್ಮಗಳು ಶಾಲೆಯಲ್ಲಿದ್ದಳು. ಒಬ್ಬಳೇ ಉಂಡಳು.

ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಹೋದಾಗ ಆಕೆಗೆ ಪ್ರಜ್ಞೆ ಇರಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ತೋಳಿನ ಸ್ನಾಯುಗಳು ತಾವಾಗಿ ಅದುರುತ್ತಿದ್ದವು. ಈ ಲಕ್ಷಣಗಳನ್ನೆಲ್ಲ ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ, ಮುದುಕಿ ಕುಂಕುಮವೇ ಎಂದು ಕೇಳಿದ್ದನ್ನು ಹೇಳಿ ಅತ್ತೆ. ಫೋನು ಇಟ್ಟು ತಿರುಗಿದರೆ ಸೊಸೆ ಹಿಂದೆ ನಿಂತಿದ್ದಳು.

"ನಿಮಗ ನಮ್ಮ ಮಾತ ಬರ್ತದೇನ್ರಿ?"

ಹೂಂ ಎಂದೆ.

"ಮತ್ತ ನಮ್ಮತ್ತಿ ಕೇಳಿದಾಗ ಯಾಕ ಹೇಳ್ಲಿಲ್ಲರಿ?"

ದನಿ ಏರಿಸಿ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂಬಂತೆ ನನ್ನ ಮುಖ ನೋಡುತ್ತ ನಿಂತಳು. ಮೂರನೆಯ ದಿನ ಮುದುಕಿ ತೀರಿಕೊಂಡಳು.

ನಡೆದದ್ದನ್ನು ಬರೆದುಕೊಡು ಎಂದು ಮೇಷ್ಟ್ರು ಕೇಳಿದರು. ಮುದುಕಿ ಕನ್ನಡದಲ್ಲಿ ಕೇಳಿದ್ದನ್ನೂ ನಾನು ಸುಮ್ಮನಿದ್ದದ್ದನ್ನೂ ಬರೆದೆ. ಅವರು ಓದಿ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಇದರಿಂದ ಸತ್ತವಳು ಬದುಕುವುದಿಲ್ಲ, ನಿನ್ನ ಓದು ಮಾತ್ರ ಹೋಗುತ್ತದೆ ಎಂದರು. ಮನೆಯವರೆಲ್ಲರಿಗೂ ತಿಳಿಸಲಾಗಿತ್ತು ಎಂದು ಇನ್ನೊಂದು ಹಾಳೆಯಲ್ಲಿ ಬರೆದು ಸಹಿ ಮಾಡಿದೆ. ನನಗೆ ಆಗ ಹದಿನೆಂಟು ತುಂಬಿತ್ತು. ಮಾಡುತ್ತಿರುವುದು ಏನೆಂದು ತಿಳಿದಿತ್ತು.

ಡಿಪ್ಲೊಮಾ ಬಂತು. ಬಿಎಸ್ಸಿಯ ಪ್ರವೇಶ ಪರೀಕ್ಷೆಗೆ ನಾನು ಕೂರಲಿಲ್ಲ. ತಾಂಡೂರಿನ ಒಂದು ತೊಗರಿ ಬೀಜದ ಗೋದಾಮಿನಲ್ಲಿ ಬೀಜದ ಗುಣ ನೋಡಲು ಮೊಳಕೆ ಎಣಿಸುವ ಕೆಲಸ ಹಿಡಿದೆ.

ಎರಡು ವರ್ಷದ ಮೇಲೆ ಆ ಸೊಸೆ ಹೇಗೋ ನನ್ನ ನಂಬರು ಪತ್ತೆ ಮಾಡಿ ಫೋನು ಮಾಡಿದಳು. ಮಗಳು ಹತ್ತು ಪಾಸಾಗಿದ್ದಾಳೆ, ನೀವು ಓದಿದ ಓದಿಗೇ ಸೇರಿಸಬೇಕು, ಅರ್ಜಿ ಹಾಕುವುದು ಹೇಗೆ ಎಂದು ಕೇಳಿದಳು. ನಾನು ತೋಟಗಾರಿಕೆಯ ಡಿಪ್ಲೊಮಾ ಇದೆ, ನರ್ಸಿಂಗ್ ಇದೆ ಎಂದೆಲ್ಲ ಹೇಳಿ ನೋಡಿದೆ.

"ಬ್ಯಾಡ್ರಿ, ಇದೇ ಕಲೀಲಿ. ಔಷಧ ಡಬ್ಬಿ ಮ್ಯಾಲೆ ಬರ್ದದ್ದು ಓದೋರು ಮನ್ಯಾಗ ಒಬ್ಬರಾರ ಇರಲಿ," ಎಂದಳು.

ಊರಿಗೆ ಹೋದಾಗ ನಾರಾಯಣಖೇಡದ ಇಂಟರ್ನೆಟ್ ಅಂಗಡಿಯಲ್ಲಿ ನಾನೇ ಅರ್ಜಿ ತುಂಬಿದೆ. ಹುಡುಗಿಗೆ ಧಾರೂರಿನಿಂದ ಆಚೆಗಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಬಿಡಲು ನಾನೂ ಹೋದೆ. ಕನ್ನಡ ಬರುತ್ತದೆಂಬುದನ್ನು ಇಲ್ಲಿ ಮುಚ್ಚಿಡಬೇಡ ಎಂದು ಅವಳಿಗೆ ಹೇಳಿದೆ. ಮುಚ್ಚಿಡುವುದು ಏಕೆಂದು ಕೇಳಿದಳು. ನಾನು ಮಾತು ಬದಲಿಸಿದೆ.

ಮರಳುವಾಗ ಅವಳ ತಾಯಿಯನ್ನು ಊರಿನ ಬಸ್ಸು ಹತ್ತಿಸಲೆಂದು ನಾನೂ ಜಹೀರಾಬಾದಿನವರೆಗೆ ಜೊತೆಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕೊಡಿಸಿದಳು. ಅವಳ ಬಸ್ಸು ಬಂದಾಗ, ದಸರೆಗೆ ಹುಡುಗಿ ರಜೆಗೆ ಬಂದರೆ ನೋಡಲು ಬರುತ್ತೇನೆಂದೆ.

"ಮನಿಗಿ ಬರಬ್ಯಾಡ್ರಿ," ಎಂದಳು. "ನಮ್ಮ ಮನಿಯವರಿಗೆ ನಿಮ್ಮ ಮಾರಿ ನೋಡಾಕ ಇನ್ನಾ ಆಗವಲ್ದು."

ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ನಾನು ಮತ್ತೆ ಆ ಊರಿಗೆ ಹೋಗಿಲ್ಲ.