ಲೈಬ್ರರಿ ಬಾಗಿಲಿನ ಡ್ಯೂಟಿ

ಊರಿನ ಗಲಾಟೆ ತಣ್ಣಗಾಗಿ ಅಂಗಡಿಗಳೆಲ್ಲ ತೆರೆದ ಮೇಲೂ ನಮ್ಮ ಬಂದೋಬಸ್ತ್ ಮುಗಿದಿರಲಿಲ್ಲ. ನನ್ನನ್ನು ಶಿವಮೊಗ್ಗದ ಒಂದು ಸಾರ್ವಜನಿಕ ಗ್ರಂಥಾಲಯದ ಬಾಗಿಲಿಗೆ ಹಾಕಿದರು. ಮನೆ ಭದ್ರಾವತಿಯಲ್ಲಿ. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ, ಬಸ್ಸು ಹಿಡಿದು ಬಂದರೆ ಸಂಜೆಯವರೆಗೂ ನಿಲ್ಲುವುದು, ಬರುವವರ ಚೀಲ ನೋಡಿ ಒಳಗೆ ಬಿಡುವುದು. ಕಾನ್‌ಸ್ಟೆಬಲ್ ಆಗಿ ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಸುಲಭದ ಕೆಲಸ ಸಿಕ್ಕಿರಲಿಲ್ಲ. ಆದರೂ ಸುಸ್ತಾಗುತ್ತಿತ್ತು.

ದಿನಾ ಪೇಪರ್ ಓದಲು ವಿನೋಬನಗರದಿಂದ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೊದಲ ದಿನ ಚೀಲ ತೆರೆದು ತೋರಿಸಿದರು. ಕನ್ನಡಕ, ಮಾತ್ರೆ, ಒಂದು ಬಾಳೆಹಣ್ಣು. ಆಮೇಲಾಮೇಲೆ ಗೇಟಿನಿಂದಲೇ ನನ್ನನ್ನು ನೋಡಿ ಹಿಂದಿರುಗತೊಡಗಿದರು. ಗ್ರಂಥಪಾಲಕಿ ಸಂಕೋಚದಿಂದಲೇ ಹೇಳಿದರು: "ತಪ್ಪು ತಿಳ್ಕೋಬೇಡಿ ಮೇಡಂ. ನೀವು ಬಾಗಿಲಲ್ಲಿ ನಿಂತಿದ್ರೆ ಒಳಗೇನೋ ಆಗಿದೆ ಅನ್ಕೋತಾರೆ ಜನ." ಮಾತು ಸರಿಯೆನಿಸಿತು. ಹಿಂಬದಿಯ ಸೈಕಲ್ ಸ್ಟ್ಯಾಂಡಿಗೆ ಹೋಗಿ ನಿಂತೆ.

ಅಲ್ಲಿಗೆ ಒಂದು ಸಂಜೆ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. ಒಬ್ಬಾತ ದಿನಾ ಅವಳ ಎದುರಿಗೇ ಬಂದು ಕೂರುತ್ತಿದ್ದನಂತೆ, ಎದ್ದರೆ ಬಸ್ ಸ್ಟಾಪಿನವರೆಗೂ ಹಿಂದೆ ಬರುತ್ತಿದ್ದನಂತೆ. ನಾನು ಬಾಗಿಲಲ್ಲಿದ್ದಷ್ಟು ದಿನ ಅವನ ಸುಳಿವಿರಲಿಲ್ಲ, ಈಗ ಮತ್ತೆ ಬರತೊಡಗಿದ್ದನಂತೆ.

"ಅಕ್ಕ, ನೀವು ಮುಂದೇನೇ ಇರಿ," ಎಂದಳು. "ಇದು ಗೊತ್ತಾದ್ರೆ ಮನೇಲೇ ಓದ್ಕೋ ಅಂತಾರೆ. ಮನೇಲಿ ಓದಕ್ಕಾಗಲ್ಲ."

ಮಾರನೆಯ ದಿನ ಗ್ರಂಥಪಾಲಕಿಯನ್ನು ಕೇಳಿ, ಒಳಗೆ ಪತ್ರಿಕೆಗಳ ಮೇಜಿನ ಕೊನೆಯಲ್ಲಿ ಕುಳಿತೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದು ಪೇಪರ್ ಬಿಡಿಸಿದೆ. ಬಾಗಿಲೂ ಕಾಣುತ್ತಿತ್ತು, ಹುಡುಗಿಯೂ. ಆ ಮನುಷ್ಯ ಒಳಗೆ ಬಂದವನು ನನ್ನನ್ನು ಕಂಡು ತಿರುಗಿದ. ಹಿಂದೆಯೇ ಹೋಗಿ ನಿಲ್ಲಿಸಿ, ಎಚ್ಚರಿಕೆ ಕೊಟ್ಟು ಕಳಿಸಿದೆ. ಗ್ರಂಥಪಾಲಕಿ ಮೇಷ್ಟ್ರಿಗೆ ಫೋನ್ ಮಾಡಿ ಕರೆಸಿದರು. ಅವರು ನನ್ನಿಂದ ಎರಡು ಕುರ್ಚಿ ಬಿಟ್ಟು ಕುಳಿತು, ಓದಿ ಮುಗಿಸಿದ ಹಾಳೆಯನ್ನು ನನ್ನ ಕಡೆ ಸರಿಸಿದರು.

ಆ ವಾರವೇ ನಮ್ಮ ಸಾಹೇಬರು ರೌಂಡ್ಸಿಗೆ ಬಂದರು. "ಏನಮ್ಮ, ಡ್ಯೂಟಿಗೆ ಬಂದಿದೀಯೋ, ಪೇಪರ್ ಓದೋಕೆ ಬಂದಿದೀಯೋ?"

ಎಲ್ಲರೂ ತಲೆಯೆತ್ತಿ ನೋಡಿದರು. ಗ್ರಂಥಪಾಲಕಿ ವಿವರಿಸಿದರು. ಸಾಹೇಬರು ಕೇಳಿಸಿಕೊಂಡರು ಕೂಡ. ಅವರೂ ನಿದ್ದೆಗೆಟ್ಟವರಂತೆ ಕಾಣುತ್ತಿದ್ದರು. ಪೊಲೀಸರು ಜನರ ಕಣ್ಣಿಗೆ ಬೀಳಬೇಕು, ಮೇಲಿನವರು ಕೇಳಿದರೆ ತಾನೇನು ಹೇಳಲಿ ಎಂದರು. ನಾನು ಟೋಪಿ ಹಾಕಿಕೊಂಡು ಬಾಗಿಲಿಗೆ ಹೋದೆ.

ಮೇಷ್ಟ್ರು ಮತ್ತೆ ಬರಲಿಲ್ಲ. ಹುಡುಗಿ ದೀಪ ಆರಿಸುವವರೆಗೂ ಓದುತ್ತಿದ್ದಳು. ಸ್ವಲ್ಪ ದಿನಕ್ಕೆ ನನ್ನನ್ನು ಬಸ್ ನಿಲ್ದಾಣಕ್ಕೆ ಹಾಕಿದರು. ಲೈಬ್ರರಿಗೆ ಬೇರೆ ಯಾರನ್ನೂ ಕಳಿಸಲಿಲ್ಲ. ಹುಡುಗಿ ಏನು ಮಾಡಿದಳೋ ತಿಳಿಯದು.

ಈಗ ಡ್ಯೂಟಿ ಮುಗಿಸಿ ಭದ್ರಾವತಿಯ ಬಸ್ಸು ಹತ್ತುವಾಗ ಪಾದ ಊದಿರುತ್ತದೆ. ಯೂನಿಫಾರ್ಮ್ ನೋಡಿ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಬೇಗ ಕೂರುವುದಿಲ್ಲ. ಒಂದೊಂದು ದಿನ ಅದೂ ಒಳ್ಳೆಯದೇ ಅನಿಸುತ್ತದೆ, ಕಾಲು ಚಾಚಬಹುದು.